ಹೊಸ ಪ್ರಾಜೆಕ್ಟ್, ಹಳೇ ಫ್ಲ್ಯಾಟು, ಸೈಟು: ಬೆಂಗಳೂರಿನಲ್ಲಿ ಮೂರನ್ನೂ ಕೊಂಡು ನೋಡಿದ ಮೇಲೆ

ನಾನು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನೆ, ಸೈಟು ಕೊಡಿಸುವ ಕೆಲಸ ಮಾಡುತ್ತೇನೆ. ಊರಿಗೆಲ್ಲ ಕೊಡಿಸುವುದು ಇರಲಿ, ಸ್ವಂತ ದುಡ್ಡು ಹಾಕಿಯೂ ಮೂರು ಬಗೆಯದನ್ನು ನೋಡಿದ್ದೇನೆ. ಸರ್ಜಾಪುರ ರಸ್ತೆ ಕಡೆ ಇನ್ನೂ ಕಟ್ಟುತ್ತಿದ್ದ ಒಂದು ಫ್ಲ್ಯಾಟು, ದೇವನಹಳ್ಳಿ ಕಡೆ ಒಂದು ಸೈಟು, ಈಗ ನಾವು ವಾಸವಿರುವ ಕನಕಪುರ ರಸ್ತೆಯ ಹಳೇ ಫ್ಲ್ಯಾಟು. ಯಾವುದು ತಗೊಳ್ಳಲಿ ಅಂತ ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ಹತ್ತು ಹನ್ನೆರಡು ವರ್ಷ ಹಳೆಯ, ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಸ್ಥಳೀಯ ಆಡಳಿತ ಕೊಡುವ ಪತ್ರ) ಇರುವ, ಜನ ತುಂಬಿರುವ ಬಿಲ್ಡಿಂಗ್‌ನಲ್ಲಿ ರೀಸೇಲ್ ಫ್ಲ್ಯಾಟು. ಹಳೇ ಮನೆಯ ತೊಂದರೆ ದುಡ್ಡು ಕೊಡುವ ಮೊದಲೇ ಕಣ್ಣಿಗೆ ಬೀಳುತ್ತದೆ. ಹೊಸದರ ತೊಂದರೆ ದುಡ್ಡು ಕೊಟ್ಟಾದ ಮೇಲೆ ಗೊತ್ತಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಪ್ರಾಜೆಕ್ಟ್ ಮಾರಿದರೆ ನಮ್ಮ ಕಮಿಷನ್ ಬಿಲ್ಡರ್ ಕೊಡುತ್ತಾರೆ. ರೀಸೇಲ್ ಆದರೆ ಕೊಳ್ಳುವವರ ಹತ್ತಿರವೇ ಕೇಳಬೇಕು, ಚೌಕಾಸಿಯೂ ಜಾಸ್ತಿ, ಓಡಾಟವೂ ಜಾಸ್ತಿ. ಅದಕ್ಕೇ ಏಜೆಂಟರು ನಿಮ್ಮನ್ನು ಮೊದಲು ಮಾಡೆಲ್ ಫ್ಲ್ಯಾಟಿಗೆ ಕರೆದುಕೊಂಡು ಹೋಗುವುದು. ಏಜೆಂಟರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ನಂಬರ್ ಕೇಳಿ. ನೋಂದಣಿ ಇಲ್ಲದೆ ರೇರಾ ಪ್ರಾಜೆಕ್ಟಿನ ಮನೆ ಮಾರುವ ಹಾಗಿಲ್ಲ.

ಸರ್ಜಾಪುರ ಕಡೆಯ ಫ್ಲ್ಯಾಟನ್ನು ನಾವು ರೇರಾ ನೋಂದಣಿ ನೋಡಿಯೇ ಬುಕ್ ಮಾಡಿದ್ದೆವು. 2016ರ ಆ ಕಾನೂನಿನಿಂದ ಉಪಯೋಗ ಇಲ್ಲ ಅಂತ ನಾನು ಹೇಳುವುದಿಲ್ಲ. ಅಗ್ರಿಮೆಂಟ್ ರಿಜಿಸ್ಟರ್ ಆಗುವವರೆಗೆ 10%ಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಕೊಳ್ಳುವವರಿಂದ ಬಂದ ದುಡ್ಡಿನಲ್ಲಿ 70% ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿ ಮಾಡಿಕೊಡಬೇಕು. ಹಳೇ ಫ್ಲ್ಯಾಟಿಗೆ ಈ ಕೊನೆಯ ರಕ್ಷಣೆ ಸಿಗುವುದಿಲ್ಲ, ಅದು ಹೊಸದರ ನಿಜವಾದ ಲಾಭ.

ಆದರೆ ಹೇಳಿದ ತಾರೀಖಿಗೆ ಮನೆ ಸಿಗಲಿಲ್ಲ. ಈ ಕಡೆ ಬಾಡಿಗೆ, ಆ ಕಡೆ ಪ್ರೀ-ಇಎಂಐ, ಅಂದರೆ ಮನೆ ಸಿಗುವವರೆಗೆ ಲೋನಿಗೆ ಕಟ್ಟುವ ಬಡ್ಡಿ. ತಡವಾದರೆ ಬಿಲ್ಡರ್ ಬಡ್ಡಿ ಕೊಡಬೇಕು ಅಂತ ಕಾನೂನಿದೆ. ಆದರೆ ಆದೇಶ ಸಿಕ್ಕ ಮೇಲೂ ಬಿಲ್ಡರ್ ಕೊಡದಿದ್ದರೆ ವಸೂಲಿ ಕಂದಾಯ ಅಧಿಕಾರಿಗಳ ಮೂಲಕ ಆಗಬೇಕು. ಅಷ್ಟರೊಳಗೆ ಮನೆಯ ಬಜೆಟ್ ತಲೆಕೆಳಗಾಗಿರುತ್ತದೆ. ಕೊನೆಗೆ ಕೀಲಿ ಕೊಟ್ಟಾಗಲೂ ಪೂರ್ತಿ ಬಿಲ್ಡಿಂಗಿಗೆ ಓಸಿ ಬಂದಿರಲಿಲ್ಲ. ಕಟ್ಟುವ ಕೆಲಸಕ್ಕೆ ತಗೊಂಡಿದ್ದ ತಾತ್ಕಾಲಿಕ ಕರೆಂಟಿನಲ್ಲೇ ಒಂದಷ್ಟು ಮನೆಗಳು ನಡೆಯುತ್ತಿದ್ದವು. ಈಗಂತೂ ಇದು ಇನ್ನೂ ಬಿಗಿ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಆ ಫ್ಲ್ಯಾಟು ಮಾರಿದೆವು.

ಈಗಿನ ಮನೆ ಇರುವುದು ವಾಜರಹಳ್ಳಿ ಮೆಟ್ರೋ ಕಡೆ. ನೆಲಮಹಡಿ ಮೇಲೆ ನಾಲ್ಕು ಅಂತಸ್ತು. ಹಸಿರು ಮಾರ್ಗ ಇಲ್ಲಿಗೆ ಬಂದದ್ದು 2021ರ ಜನವರಿಯಲ್ಲಿ, ಅಲ್ಲಿಂದ ಈ ರಸ್ತೆಯ ರೇಟೂ ಏರಿತು. ಇಲ್ಲಿ ನೋಡುವುದಕ್ಕೆ ಎಲ್ಲವೂ ಇತ್ತು. ಬೆಳಗ್ಗೆ ಏಳು ಗಂಟೆಗೆ, ಎಲ್ಲರೂ ನೀರು ಬಳಸುವ ಹೊತ್ತಿಗೆ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿದೆ, ರಭಸ ಕಡಿಮೆ ಆಗಲಿಲ್ಲ. ಬಚ್ಚಲಿನ ಚಾವಣಿಯ ಮೂಲೆಯಲ್ಲಿ ತಟ್ಟೆಯಗಲ ಹಳದಿ ಕಲೆ, ಮುಟ್ಟಿದರೆ ಸುಣ್ಣದ ಪುಡಿ ಉದುರುತ್ತಿತ್ತು. ಮೇಲಿನ ಮನೆಯವರ ಪೈಪು ಸೋರುತ್ತಿದೆ ಅಂತ ಅಲ್ಲೇ ಗೊತ್ತಾಯಿತು, ರಿಪೇರಿ ಖರ್ಚನ್ನು ರೇಟಿನಲ್ಲಿ ಕಳೆಸಿದೆ. ಅಸೋಸಿಯೇಷನ್‌ನವರ ಹತ್ತಿರ 2024ರ ಬೇಸಿಗೆಯ ಟ್ಯಾಂಕರ್ ಬಿಲ್ ಕೇಳಿ ತೆಗೆಸಿದೆ. ಬೆಂಗಳೂರಿನಲ್ಲಿ ಮನೆ ನೋಡುವವರು ಇದೊಂದು ಫೈಲ್ ನೋಡದೆ ಟೋಕನ್ ಕೊಡಲೇಬೇಡಿ. ಆ ವರ್ಷ ಊರಿನ ಬೋರ್‌ವೆಲ್‌ಗಳು ಹೇಗೆ ಕೈಕೊಟ್ಟವು ಅಂತ ಎಲ್ಲರಿಗೂ ನೆನಪಿದೆ. ಅಂಥ ಬೇಸಿಗೆಯಲ್ಲಿ ಆ ಬಿಲ್ಡಿಂಗ್ ಹೇಗೆ ನಡೆಯಿತು ಅನ್ನುವುದು ಬಿಲ್ಲಿನಲ್ಲೇ ಇರುತ್ತದೆ. ಕಾವೇರಿ ನೀರು ಪೂರೈಕೆಯ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು ಅನ್ನುವುದು ಸರಿ. ಆದರೆ ಬಿಲ್ಡಿಂಗಿನ ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ಆ ನೀರು ಬೀಳುತ್ತಿದೆಯಾ ಅಂತ ನಾವೇ ಹೋಗಿ ನೋಡಬೇಕು.

ಈ ಮನೆಯಲ್ಲಿ ನಮ್ಮನ್ನು ಸತಾಯಿಸಿದ್ದು ಒಂದೇ ವಿಷಯ, ಖಾತೆ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅಂತ ಪಾಲಿಕೆ ಇಡುವ ದಾಖಲೆ.

ಮಾರುತ್ತಿದ್ದವರು ಮೈಸೂರಿನಲ್ಲಿ ಮಗಳ ಜೊತೆ ಇರುವ ಹಿರಿಯರು. ಕ್ರಯಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಹೆಂಡತಿ, ಅಂದರೆ ಆ ಮನೆಯ ಅಮ್ಮ, ತೀರಿಕೊಂಡಿದ್ದರು. 'ನಮ್ಮದೇ ಮನೆ, ನಾನು ಸೈನ್ ಹಾಕಿದರೆ ಮುಗೀತಲ್ಲಮ್ಮ' ಅಂತ ಯಜಮಾನರು ನಂಬಿದ್ದರು. ಹಾಗೆ ಆಗುವುದಿಲ್ಲ. ಅಮ್ಮ ವಿಲ್ ಬರೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರ ಅರ್ಧ ಭಾಗ ಗಂಡ, ಮಗಳು, ಮಗ ಮೂವರಿಗೂ ಸಮ ಹೋಗುತ್ತದೆ. ಅಂದರೆ ಇಡೀ ಮನೆಯಲ್ಲಿ ಮಕ್ಕಳಿಗೆ ತಲಾ ಆರನೇ ಒಂದು ಭಾಗ. ಮಗ ಇರುವುದು ವಿದೇಶದಲ್ಲಿ.

ಮೊದಲಾಗಿದ್ದರೆ ಹೇಗೋ ಕಾಗದ ಓಡಿಸಿಬಿಡುತ್ತಿದ್ದರು. 2024ರ ಅಕ್ಟೋಬರ್ ಹೊತ್ತಿಗೆ ನಗರದಲ್ಲಿ ಇ-ಖಾತಾ (ಆ ಖಾತೆಯ ಕಂಪ್ಯೂಟರ್ ರೂಪ) ಕಡ್ಡಾಯ ಆಯಿತು, ಅದಿಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮನೆ ರಿಜಿಸ್ಟರ್ ಆಗುವುದಿಲ್ಲ. ಇ-ಖಾತಾ ಬರಬೇಕಾದರೆ ಮಾಲೀಕರ ಆಧಾರ್ ದೃಢೀಕರಣ ಬೇಕು. ತೀರಿಕೊಂಡವರ ಆಧಾರ್ ಯಾರು ಕೊಡುತ್ತಾರೆ? ಅರ್ಜಿ ಅಲ್ಲಿಗೇ ನಿಂತಿತು. ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ಮಾಡಿಸಿ, ಪೌತಿ (ಮಾಲೀಕರು ತೀರಿಕೊಂಡ) ಲೆಕ್ಕದಲ್ಲಿ ಖಾತೆ ಬದಲಾಯಿಸಬೇಕಾಯಿತು.

ಮಗನ ಭಾಗದ್ದು ಬೇರೆಯೇ ಕಥೆ. ಸಾಮಾನ್ಯವಾಗಿ 50 ಲಕ್ಷ ಮತ್ತು ಅದಕ್ಕಿಂತ ಮೇಲಿನ ಮನೆಗೆ ಕೊಳ್ಳುವವರು 1% ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟಿದರೆ ಸಾಕು. ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆದರೆ ಅವರ ಪಾಲಿಗೆ ಆ ನಿಯಮ ಬರುವುದಿಲ್ಲ, ಹಿಡಿಯಬೇಕಾದ ತೆರಿಗೆ ಎಷ್ಟೋ ಜಾಸ್ತಿ. ಹಿಡಿಯದೆ ಬಿಟ್ಟರೆ ನೋಟಿಸ್ ಬರುವುದು ಕೊಂಡವರಿಗೆ. ಮಗ ತನ್ನ ಭಾಗವನ್ನು ಅಪ್ಪನಿಗೇ ಬಿಟ್ಟುಕೊಡಲು ಒಪ್ಪಿದರು. ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದು, ಅಲ್ಲಿನ ಭಾರತೀಯ ಕಚೇರಿಯಲ್ಲಿ ದೃಢೀಕರಿಸಿ, ಕೊರಿಯರ್ ಮಾಡಿದರು. ವಿದೇಶದಲ್ಲಿ ಬರೆದ ಅಂಥ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನು ಮುಗಿಸಿ, ಮಗಳೂ ಸೇರಿ ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ, ಅಪ್ಪನೊಬ್ಬರ ಹೆಸರಿಗೆ ಇ-ಖಾತಾ ಬರುವಷ್ಟರಲ್ಲಿ ಮಳೆಗಾಲ ಪೂರ್ತಿ ಕಳೆದಿತ್ತು. ನಮ್ಮನೆಯವರು 'ಬಿಟ್ಟುಬಿಡೋಣ' ಅಂತ ಹೇಳಿದ್ದೂ ಇದೆ.

ನಾನು ಬಿಡಲಿಲ್ಲ. ಟೋಕನ್ ಅಂತ ಕೊಟ್ಟ ಸಣ್ಣ ಮೊತ್ತ ಬಿಟ್ಟರೆ ನಮ್ಮ ದುಡ್ಡು ನಮ್ಮ ಬ್ಯಾಂಕಿನಲ್ಲೇ ಇತ್ತು. ಲೋನ್ ಬಿಡುಗಡೆ ಆಗಿರಲಿಲ್ಲ, ಇಎಂಐ ಶುರುವಾಗಿರಲಿಲ್ಲ. ಕಾಯುವುದು ಎರಡು ಕಡೆಯೂ ಆಯಿತು, ಆದರೆ ಸರ್ಜಾಪುರದಲ್ಲಿ ಕಾಯುವಾಗ ಪ್ರತಿ ತಿಂಗಳೂ ದುಡ್ಡು ಹೋಗುತ್ತಿತ್ತು. ರೀಸೇಲ್ ನೋಡಲು ಹೋದ ಮೊದಲ ದಿನವೇ ಈಗ ನಾನು ಕೇಳುವ ಪ್ರಶ್ನೆ: ಕ್ರಯಪತ್ರದಲ್ಲಿ ಯಾರ್ಯಾರ ಹೆಸರಿದೆ, ಎಲ್ಲರೂ ಇದ್ದಾರಾ, ಎಲ್ಲಿದ್ದಾರೆ? ಇಸಿ (ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ಮಾರಾಟ, ಸಾಲಗಳ ಪಟ್ಟಿ) ತೆಗೆಸುವುದು ಅದಾದ ಮೇಲೆ. ಕಂಪ್ಯೂಟರ್ ಇಸಿಯಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದು ಬೇಕಿದ್ದರೆ ಕಚೇರಿಯಲ್ಲಿ ಕೈಬರಹದ್ದನ್ನು ತೆಗೆಸಬೇಕು.

ದುಡ್ಡಿನ ಲೆಕ್ಕ ನೋಡಿ. 80 ಲಕ್ಷದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 2%. ಎಲ್ಲ ಸೇರಿ 7.6%, ಅಂದರೆ 6 ಲಕ್ಷದ 8 ಸಾವಿರ. ಇದು ಹೊಸದಕ್ಕೂ ಇದೆ, ಹಳೆಯದಕ್ಕೂ ಇದೆ. ಕಟ್ಟುತ್ತಿರುವ ಮನೆಗೆ ಇದರ ಮೇಲೆ 5% ಜಿಎಸ್‌ಟಿ, ಅಂದರೆ ಇನ್ನೂ 4 ಲಕ್ಷ. ರೀಸೇಲ್‌ಗೆ ಜಿಎಸ್‌ಟಿ ಇಲ್ಲ. ಆ ನಾಲ್ಕು ಲಕ್ಷದಲ್ಲಿ ನಮ್ಮ ಅಡುಗೆಮನೆ, ಎರಡು ಬಚ್ಚಲು ಹೊಸದಾದವು.

ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ನಾನೇ ಟೇಪು ಹಿಡಿದು ಅಳೆದೆ, ಬ್ರೋಷರ್ ನಂಬುವ ಪ್ರಶ್ನೆಯೇ ಬರಲಿಲ್ಲ. ಮನೆಗಳು ಕಡಿಮೆ ಇರುವ ಬಿಲ್ಡಿಂಗ್ ಆದ್ದರಿಂದ ನಮ್ಮ ಪಾಲಿನ ಯುಡಿಎಸ್ (ಬಿಲ್ಡಿಂಗ್ ಇರುವ ನೆಲದಲ್ಲಿ ಒಂದೊಂದು ಮನೆಗೆ ಬರುವ ಪಾಲು) ಸರ್ಜಾಪುರದ ಟವರಿಗಿಂತ ಜಾಸ್ತಿ. ಈಜುಕೊಳ ಇಲ್ಲ, ಮೇಂಟೆನೆನ್ಸೂ ಕಡಿಮೆ. ಲಿಫ್ಟ್ ಹಳೆಯದು. ಹಳೇ ಬಿಲ್ಡಿಂಗ್ ಅಂದಮಾತ್ರಕ್ಕೆ ಓಸಿ ಇರುತ್ತದೆ ಅಂತಲ್ಲ, ಅಸೋಸಿಯೇಷನ್‌ನಿಂದ ಪ್ರತಿ ಕೇಳಿ ಪಡೆಯಿರಿ.

ಸೈಟಿನ ವಿಷಯ ಚಿಕ್ಕದು. ದೇವನಹಳ್ಳಿ ಸೈಟಿನ ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ ಆದೇಶ) ಸರಿ ಇದೆ, ಬೆಲೆಯೂ ಏರಿದೆ. ಅದು ಬಾಡಿಗೆ ತರುವುದಿಲ್ಲ, ಮಲಗಲು ಜಾಗ ಕೊಡುವುದಿಲ್ಲ, ವರ್ಷಕ್ಕೊಮ್ಮೆ ಹೋಗಿ ಬೇಲಿ ನೋಡಿಕೊಂಡು ಬರಬೇಕು. ಮಕ್ಕಳ ಹೆಸರಿಗೆ ಒಂದಷ್ಟು ಇರಲಿ ಅನ್ನುವವರಿಗೆ ಸರಿ. ಬಿ ಖಾತೆಯ (ಅನುಮೋದನೆ ಪೂರ್ತಿ ಸರಿ ಇಲ್ಲದ) ಸೈಟು ಕಡಿಮೆ ರೇಟಿಗೆ ಸಿಗುತ್ತದೆ ಅಂತ ಯಾರಾದರೂ ಕರೆದರೆ, ಹೋಗುವ ಮೊದಲು ನಿಮ್ಮ ಬ್ಯಾಂಕಿಗೆ ಒಂದು ಫೋನ್ ಮಾಡಿ. ಬಹಳಷ್ಟು ಬ್ಯಾಂಕುಗಳು ಅದಕ್ಕೆ ಲೋನ್ ಕೊಡುವುದಿಲ್ಲ.

ನಮ್ಮ ಅತ್ತೆಗೆ ಮಂಡಿ ನೋವು, ಮೆಟ್ರೋಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕಿತ್ತು. ಎರಡು ಮನೆಯ ಖರ್ಚು ಒಟ್ಟಿಗೆ ಹೊರುವ ಶಕ್ತಿ ನಮಗಿಲ್ಲ. ಅದಕ್ಕೆ ನಮಗೆ ರೀಸೇಲೇ ಸರಿ. ಆದರೆ ನೀವು ಅಪ್ಪ ಅಮ್ಮನ ಮನೆಯಲ್ಲೇ ಇದ್ದು, ಬಾಡಿಗೆ ಕಾಟ ಇಲ್ಲದೆ, 45 ಲಕ್ಷದ ಒಳಗೆ ಹುಡುಕುತ್ತಿದ್ದರೆ ಹೊಸ ಪ್ರಾಜೆಕ್ಟ್ ನೋಡಿ. ಆ ಬೆಲೆಯ ಒಳಗೆ, ಕಾರ್ಪೆಟ್ ಏರಿಯಾ 60 ಚದರ ಮೀಟರ್ ದಾಟದಿದ್ದರೆ, ಜಿಎಸ್‌ಟಿ 1% ಮಾತ್ರ. ಬುಕ್ ಮಾಡುವ ಮೊದಲು ಅದೇ ಬಿಲ್ಡರ್ ಹಿಂದೆ ಕಟ್ಟಿದ ಒಂದು ಬಿಲ್ಡಿಂಗಿಗೆ ಹೋಗಿ, ಕೀಲಿ ಯಾವಾಗ ಕೊಟ್ಟರು, ಓಸಿ ಯಾವಾಗ ಬಂತು ಅಂತ ಅಲ್ಲಿ ವಾಸ ಇರುವವರನ್ನೇ ಕೇಳಿಕೊಂಡು ಬನ್ನಿ.