ಪೀಣ್ಯದ ನಮ್ಮ ಯೂನಿಟ್ಟಿಗೆ ತಗೊಂಡ ಮೆಂಬ್ರೇನ್ ನೈಟ್ರೋಜನ್ ಮೆಷಿನ್, ಒಂದೂವರೆ ವರ್ಷ ಆದ್ಮೇಲೆ

ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ನಮ್ದು ಕೋಡುಬಳೆ, ನಿಪ್ಪಟ್ಟು, ಬಾಳೆಕಾಯಿ ಚಿಪ್ಸ್ ಪ್ಯಾಕ್ ಮಾಡೋ ಸಣ್ಣ ಯೂನಿಟ್ಟು. ಪ್ಯಾಕೆಟ್ಟಲ್ಲಿ ಆಕ್ಸಿಜನ್ ಉಳಿದ್ರೆ ಎಣ್ಣೆ ಕಮಟು ವಾಸನೆ ಬರುತ್ತೆ, ಅದಕ್ಕೇ ನೈಟ್ರೋಜನ್ ತುಂಬ್ತೀವಿ. ಮೊದ್ಲು ಸಿಲಿಂಡರ್ ತರಿಸ್ತಿದ್ವಿ, ಸರಿಯಾಗಿ ಗೌರಿ ಹಬ್ಬದ ಹೊತ್ತಿಗೇ ಖಾಲಿಯಾಗಿ ಲೈನ್ ನಿಂತುಬಿಡ್ತಿತ್ತು, ಸಾಕಾಗಿ ಗಾಳಿಯಿಂದಲೇ ನೈಟ್ರೋಜನ್ ಬೇರೆ ಮಾಡಿಕೊಡೋ ಈ ಮೆಂಬ್ರೇನ್ (ತೆಳು ಪ್ಲಾಸ್ಟಿಕ್ ಪೊರೆ) ಮೆಷಿನ್ ತಗೊಂಡ್ವಿ. 5ಕ್ಕೆ 4 ಕೊಡ್ತೀನಿ.

ಡೆಮೋಗೆ ಬಂದ ಇಂಜಿನಿಯರ್ ಒಂದು ಹಳೇ ಮಾಡ್ಯೂಲನ್ನ, ಅಂದ್ರೆ ಈ ಬೇರ್ಪಡಿಸೋ ಕೆಲಸ ಮಾಡೋ ಕೊಳವೇನ, ಅಡ್ಡ ಕೊಯ್ದು ತಂದಿದ್ರು. ಒಳಗೆ ಶಾವಿಗೆ ಕಟ್ಟು ಇಟ್ಟಂಗೆ ಸಾವಿರಾರು ಬಿಳೀ ಎಳೆ, ಒಂದನ್ನ ಬೆಳಕಿಗೆ ಹಿಡಿದ್ರೆ ನಡುವೆ ತೂತು ಕಾಣುತ್ತೆ. ಕಂಪ್ರೆಸರ್ ಗಾಳಿ ಆ ತೂತಲ್ಲಿ ಹೋಗ್ತಾ ಹೋಗ್ತಾ ಆಕ್ಸಿಜನ್ನು, ನೀರಾವಿ ಗೋಡೆ ದಾಟಿ ಆಚೆ ಹೋಗ್ತವೆ, ನೈಟ್ರೋಜನ್ ಉಳಿದು ಆ ತುದೀಲಿ ಬರುತ್ತೆ. ಗೋಡೆಯಲ್ಲಿ ಜರಡಿ ಥರ ತೂತೇನಿಲ್ಲ, ಪಾಲಿಮರ್ (ಪ್ಲಾಸ್ಟಿಕ್) ಅಣುಗಳ ಉದ್ದ ಸರಪಳಿಗಳ ಸಂದಿನೇ ದಾರಿ. ಆಕ್ಸಿಜನ್ ಅಣುವಿನ ಅಳತೆ 3.46 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ನೈಟ್ರೋಜನ್ 3.64, ಇಷ್ಟೇ ವ್ಯತ್ಯಾಸ! ಸಿಲಿಕೋನ್ ರಬ್ಬರಲ್ಲಿ ಸರಪಳಿ ಸದಾ ಅಲ್ಲಾಡ್ತಿರುತ್ತೆ, ಎಲ್ಲಾ ಗ್ಯಾಸೂ ಸಲೀಸಾಗಿ ನುಗ್ಗುತ್ತೆ, ಆಕ್ಸಿಜನ್ ಸುಮಾರು ಎರಡು ಪಟ್ಟು ಬೇಗ ದಾಟುತ್ತೆ ಅಷ್ಟೇ. ಪಾಲಿಸಲ್ಫೋನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಲ್ಲಿ ಸರಪಳಿಯೊಳಗೇ ಬೆಂಜೀನ್ ಉಂಗುರಗಳಿದಾವೆ (ಆರು ಕಾರ್ಬನ್ನಿನ ಬಿಗಿ ಉಂಗುರ), ಸುಲಭಕ್ಕೆ ಬಗ್ಗಲ್ಲ, ಅದಕ್ಕೇ ಅಲ್ಲಿ ಐದಾರು ಪಟ್ಟು ವ್ಯತ್ಯಾಸ ಸಿಗುತ್ತೆ, ಆದ್ರೆ ದಾಟೋದು ಬಹಳ ನಿಧಾನ, ಹಂಗಾಗಿ ಬೇರ್ಪಡಿಸೋ ಪದರನ ಒಂದು ಮೈಕ್ರಾನ್‌ಗಿಂತ ತೆಳ್ಳಗೆ ಮಾಡಿ ಇಷ್ಟೊಂದು ಎಳೆ ತುಂಬ್ತಾರೆ. ಎಷ್ಟು ಎಚ್‌ಪಿ ಅಂತ ಕೇಳೋ ಮುಂಚೆ ಎಳೆ ಯಾವ ಪಾಲಿಮರ್‌ದು ಅಂತ ಕೇಳಿ.

ನಾವು ಹರಿವು ಕಡಿಮೆ ಇಟ್ಟು 99 ಪರ್ಸೆಂಟ್ ಶುದ್ಧ ನೈಟ್ರೋಜನ್ ತಗೋತೀವಿ, ಅರ್ಜೆಂಟ್ ಇದ್ರೆ ವಾಲ್ವ್ ತೆರೆದು 98ಕ್ಕೆ ಓಡಿಸ್ತೀವಿ. ಏಪ್ರಿಲ್ಲಲ್ಲಿ ಶೀಟ್ ಮನೆ ಕಾದಾಗ ಸರಪಳಿ ಅಲ್ಲಾಟ ಜಾಸ್ತಿಯಾಗಿ ನೈಟ್ರೋಜನ್ನೂ ಸೋರಿಹೋಗುತ್ತೆ, ಅದೇ 99ಕ್ಕೆ ಗಾಳಿ ಜಾಸ್ತಿ ಬೇಕು, ಕರೆಂಟ್ ಬಿಲ್ ಏರುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಮಾರಿದೋರಿಗೆ. ನಮ್ದು ಆಯಿಲ್ ಕಂಪ್ರೆಸರ್ ಅಂತ ಗೊತ್ತಿದ್ರೂ ಕಾರ್ಬನ್ ಫಿಲ್ಟರ್ ಹಾಕ್ಲೇಬೇಕು ಅಂತ ಹೇಳ್ಲಿಲ್ಲ. ಎಣ್ಣೆ ಆವಿ ಎಳೆಗೆ ಕೂತು ನಾಲ್ಕೇ ತಿಂಗಳಲ್ಲಿ ಮೀಟರ್ 96ಕ್ಕೆ ಇಳೀತು, ಹೊಸ ಮಾಡ್ಯೂಲಿಗೆ ನಮ್ಮ ಕೈಯಿಂದಾನೇ ದುಡ್ಡು ಹೋಯ್ತು, ಬಹಳ ಬೇಜಾರಾಯ್ತು. ಫಿಲ್ಟರ್ ಹಾಕಿದ ಮೇಲೆ ಇವತ್ತಿನವರೆಗೂ ಒಂದು ಪಾಯಿಂಟೂ ಇಳಿದಿಲ್ಲ, ಒಂದು ಪ್ಯಾಕೆಟ್ಟೂ ಕಮಟು ಅಂತ ವಾಪಸ್ ಬಂದಿಲ್ಲ. ತಗೊಳ್ಳೋರು ಡೆಮೋನ ಮಧ್ಯಾಹ್ನ ಬಿಸಿಲೇರಿದ ಮೇಲೆ ಕೇಳಿ, ಮೀಟರ್ ಪಕ್ಕದಲ್ಲೇ ನಿಂತು ನೋಡಿ.