ರಾಕಿ ಮೌಂಟನ್ ಉದ್ಯಾನದ ಬಳಿ ಡೇರೆ ಎಲ್ಲಿ ಹಾಕಬೇಕು?

ಅಮೆರಿಕದ ಕೊಲೊರಾಡೊ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ಮೊದಲು ವಿಚಾರಿಸುವುದು ಬಿಸಿನೀರಿನ ಬಗ್ಗೆ, ಆಮೇಲೆ ಶೌಚಾಲಯದ ಬಗ್ಗೆ. ನಾನೂ ಹಾಗೆಯೇ ವಿಚಾರಿಸಿ ಒಂದು ಬೇಸಿಗೆಯನ್ನು ಕೈಯಾರೆ ಕೆಡಿಸಿಕೊಂಡೆ. ಮೂರು ವರ್ಷಗಳಲ್ಲಿ ನಾಲ್ಕು ಕಡೆ ಡೇರೆ ಹಾಕಿದ ಮೇಲೆ ನನಗೆ ಉಳಿದಿರುವ ಪ್ರಶ್ನೆ ಒಂದೇ: ಬೆಳಗಿನ ಜಾವ ಐದಕ್ಕೆ ನಾನು ಎಲ್ಲಿರಬೇಕು?

ಐದು ಎಂದು ಸುಮ್ಮನೆ ಹೇಳುತ್ತಿಲ್ಲ. ನಾವು ಹೋದ ಬೇಸಿಗೆಗಳಲ್ಲಿ ಎಲ್ಲರೂ ನೋಡಬಯಸುವ ಬೇರ್ ಲೇಕ್ ಸರೋವರದ ರಸ್ತೆಗೆ ಬೆಳಿಗ್ಗೆ 5ರಿಂದ ಸಂಜೆ 6ರವರೆಗೆ ಸಮಯ ಗೊತ್ತುಪಡಿಸಿದ ಪ್ರವೇಶಪತ್ರ ಬೇಕಿತ್ತು, ಉದ್ಯಾನದ ಉಳಿದ ಭಾಗಕ್ಕೆ 9ರಿಂದ 2ರವರೆಗೆ. ಐದಕ್ಕೆ ಮುಂಚೆ ಗೇಟು ದಾಟಿದವನನ್ನು ಆ ಪತ್ರ ಯಾರೂ ಕೇಳುತ್ತಿರಲಿಲ್ಲ. ಮಧ್ಯಾಹ್ನವಾದರೆ ಗುಡುಗು ಮಿಂಚಿನ ಭಯ ಬೇರೆ. ಮರಗಳ ಎಲ್ಲೆ ದಾಟಿದ ಬೋಳುಗುಡ್ಡದ ಮೇಲೆ ಆ ಹೊತ್ತಿನಲ್ಲಿ ಇರಬಾರದು.

ಮೊದಲ ವರ್ಷ ಉದ್ಯಾನದ ಪೂರ್ವಕ್ಕಿರುವ ಎಸ್ಟೆಸ್ ಪಾರ್ಕ್ ಪಟ್ಟಣದ ಒಂದು ಖಾಸಗಿ ಶಿಬಿರತಾಣದಲ್ಲಿ ಉಳಿದೆವು. ಸ್ನಾನದ ಕೋಣೆ, ವಿದ್ಯುತ್ತು, ಅಂಗಡಿ, ಎಲ್ಲವೂ ಇದ್ದವು. ನಮ್ಮ ಡೇರೆಯ ಎರಡೂ ಬದಿಗೆ ಬಸ್ಸಿನಷ್ಟು ಉದ್ದದ ವಾಹನಮನೆಗಳೂ ಇದ್ದವು. ಒಂದರ ಜಗಲಿದೀಪ ರಾತ್ರಿಯಿಡೀ ಉರಿಯಿತು, ಇನ್ನೊಂದರ ನಾಯಿ ರಾತ್ರಿಯಿಡೀ ಆ ದೀಪಕ್ಕೆ ಬೊಗಳಿತು. ನಿದ್ದೆಗೆಟ್ಟು ಎದ್ದವರು ಗೇಟು ಮುಟ್ಟುವಾಗ ಐದೂ ಕಾಲು. ಪ್ರವೇಶಪತ್ರ ಇರಲಿಲ್ಲ, ವಾಪಸು ಬಂದೆವು. ಆ ದಿನದ ಸ್ನಾನ ಮಾತ್ರ ಚೆನ್ನಾಗಿತ್ತು.

ಉದ್ಯಾನದೊಳಗಿನ ಗ್ಲೇಸಿಯರ್ ಬೇಸಿನ್ ಇದಕ್ಕೆ ತದ್ವಿರುದ್ಧ. ಎತ್ತರ 8,500 ಅಡಿ. ಸ್ನಾನಕ್ಕೆ ವ್ಯವಸ್ಥೆಯಿಲ್ಲ, ಪೈನ್ ಮರಗಳನ್ನು ಕೊರೆದ ದುಂಬಿಯ ಕಾಟದಿಂದ ಒಂದು ಭಾಗದಲ್ಲಿ ನೆರಳೇ ಇಲ್ಲ. ಆದರೆ ರಸ್ತೆ ದಾಟಿದರೆ ಸಾಕು, ಬೇರ್ ಲೇಕ್‌ಗೆ ಹೋಗುವ ಬಸ್ಸು ಹೊರಡುವ ನಿಲುಗಡೆ ಅಲ್ಲೇ. ಪ್ರವೇಶಪತ್ರವೂ ನಮ್ಮ ಡೇರೆಯ ಕಾದಿರಿಸುವಿಕೆಯ ಜೊತೆಗೇ ಸಿಕ್ಕಿತ್ತು. ಇಲ್ಲಿನ ಅಲಾರಾಂ ಎಂದರೆ ಕರಡಿಪೆಟ್ಟಿಗೆ. ಆಹಾರವನ್ನೂ ಹಲ್ಲುಜ್ಜುವ ಪೇಸ್ಟನ್ನೂ ಕರಡಿಗೆ ಸಿಗದಂತೆ ಇಡಲೇಬೇಕಾದ ಆ ಕಬ್ಬಿಣದ ಪೆಟ್ಟಿಗೆಯನ್ನು ಎಷ್ಟೇ ಮೆಲ್ಲಗೆ ತೆರೆದರೂ ಸದ್ದಾಗುತ್ತದೆ. ನಾಲ್ಕೂವರೆಗೆ ಯಾರೋ ಒಬ್ಬರು ತೆರೆಯುತ್ತಾರೆ, ಹತ್ತು ನಿಮಿಷದಲ್ಲಿ ಹತ್ತು ಕಡೆ ಟಾರ್ಚು ಹೊತ್ತಿಕೊಳ್ಳುತ್ತದೆ.

ತೊಂದರೆ ಇರುವುದು ಜಾಗ ಸಿಗುವುದರಲ್ಲಿ. ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ಆರು ತಿಂಗಳು ಮೊದಲೇ ಕಾದಿರಿಸುವಿಕೆ ತೆರೆಯುತ್ತದೆ. ಜುಲೈ ವಾರಾಂತ್ಯವೊಂದಕ್ಕೆ ಜನವರಿಯಲ್ಲಿ ಕುಳಿತು ಪ್ರಯತ್ನಿಸಿದ್ದೇನೆ, ಕಣ್ಣೆದುರೇ ಮಾಯವಾಯಿತು. ನಮಗೆ ಸಿಕ್ಕಿದ್ದು ಯಾರೋ ರದ್ದುಮಾಡಿದ ಮಂಗಳವಾರದ ಜಾಗ.

ಮೂರನೆಯದು ಆಲಿವ್ ರಿಡ್ಜ್. ಇದು ಉದ್ಯಾನದ ಹೊರಗೆ, ಅರಣ್ಯ ಇಲಾಖೆಯದು. ಎಸ್ಟೆಸ್ ಪಾರ್ಕ್‌ನಿಂದ ದಕ್ಷಿಣಕ್ಕೆ 7ನೇ ಹೆದ್ದಾರಿಯಲ್ಲಿ ಸುಮಾರು 15 ಮೈಲಿ. ಬೇರ್ ಲೇಕ್ ನೋಡಲೇಬೇಕೆಂಬ ಹಟ ಇರುವವರಿಗೆ ಇದು ದೂರ. ನಮಗೆ ಆ ಹಟ ಅಷ್ಟರಲ್ಲಿ ಇಳಿದಿತ್ತು. ಪಕ್ಕದಲ್ಲೇ ಉದ್ಯಾನದ ಭಾಗವಾದ ವೈಲ್ಡ್ ಬೇಸಿನ್ ಇದೆ. ಅಲ್ಲಿ ಒಂಬತ್ತರೊಳಗೆ ಒಳಹೊಕ್ಕರೆ ಸಾಕಿತ್ತು, ಅಂದರೆ ಕಾಫಿ ಕುಡಿದು ಹೊರಡಬಹುದಿತ್ತು. ಕಾಲುದಾರಿ ಶುರುವಾಗುವಲ್ಲಿಂದ, ಕ್ಯಾಲಿಪ್ಸೊ ಕ್ಯಾಸ್ಕೇಡ್ಸ್ ಎಂಬ ಕಿರುಜಲಪಾತವನ್ನು ದಾಟಿಕೊಂಡು, ಒಟ್ಟು 2.7 ಮೈಲಿ ನಡೆದರೆ ಊಜೆಲ್ ಜಲಪಾತ. ದಾರಿಯುದ್ದಕ್ಕೂ ನೀರಿನ ಸದ್ದು ಜೊತೆಗಿರುತ್ತದೆ. ಮಕ್ಕಳಿರುವವರಿಗೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಕಾಡಿನ ರಸ್ತೆಯ ಪಕ್ಕ ಪುಕ್ಕಟೆಯಾಗಿ ಡೇರೆ ಹಾಕುವ ಅವಕಾಶ ರೂಸ್‌ವೆಲ್ಟ್ ರಾಷ್ಟ್ರೀಯ ಅರಣ್ಯದಲ್ಲಿ ಉಂಟು. ಒಂದು ಸಂಜೆ ಹುಡುಕಲು ಹೋದೆವು. ಒಳ್ಳೆಯ ಜಾಗಗಳೆಲ್ಲ ತುಂಬಿದ್ದವು, ರಸ್ತೆಯ ಕಲ್ಲುಗಳು ಕಾರಿನ ಹೊಟ್ಟೆ ಕೆರೆದವು. ಎತ್ತರದ ಗಾಡಿ ಇಲ್ಲದವರು ಆ ಆಸೆ ಬಿಡುವುದೇ ಒಳ್ಳೆಯದು.

ನನ್ನ ಮನಸ್ಸು ನಿಂತಿದ್ದು ಉದ್ಯಾನದ ಪಶ್ಚಿಮ ಭಾಗದ ಟಿಂಬರ್ ಕ್ರೀಕ್‌ನಲ್ಲಿ. ಇದನ್ನು ಹೇಳಿದರೆ ಗೆಳೆಯರು ನಗುತ್ತಾರೆ. ಅವರದೂ ತಪ್ಪಲ್ಲ: ಇಲ್ಲಿಯೂ ದುಂಬಿಯಿಂದಾಗಿ ಮರಗಳು ಹೋಗಿವೆ, ಮಧ್ಯಾಹ್ನದ ಬಿಸಿಲಿಗೆ ಡೇರೆ ಒಲೆಯಾಗುತ್ತದೆ. ಎಸ್ಟೆಸ್ ಪಾರ್ಕ್ ಕಡೆಯಿಂದ ಬರಬೇಕಾದರೆ 12,183 ಅಡಿ ಎತ್ತರಕ್ಕೇರುವ ಟ್ರೇಲ್ ರಿಡ್ಜ್ ರಸ್ತೆಯನ್ನು ದಾಟಬೇಕು. ಬೇರ್ ಲೇಕ್ ಆಚೆ ಮಗ್ಗುಲಿಗೆ ಉಳಿದುಬಿಡುತ್ತದೆ. 8,900 ಅಡಿಯಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ, ಪಾತ್ರೆಯಲ್ಲಿ ಇಟ್ಟ ಅಕ್ಕಿ ಮುಕ್ಕಾಲು ಗಂಟೆಯಾದರೂ ನಡುವೆ ಕಾಳುಕಾಳಾಗಿಯೇ ಇತ್ತು. ಮರುದಿನದಿಂದ ನೂಡಲ್ಸ್.

ಆದರೂ ಐದು ಗಂಟೆಗೆ ಡೇರೆಯ ಜಿಪ್ಪು ಎಳೆದಾಗ ಎಲ್ಲಿಗೂ ಹೊರಡಬೇಕಾಗಿರಲಿಲ್ಲ. ಜುಲೈ ತಿಂಗಳಲ್ಲೂ ಹೊದಿಕೆಯ ಮೇಲೆ ಹಿಮದ ಪುಡಿ. ಕೆಳಗೆ ಕೊಲೊರಾಡೊ ನದಿ. ಮುಂದೆ ಗ್ರ್ಯಾಂಡ್ ಕ್ಯಾನ್ಯನ್ ಕೊರೆಯುವ ನದಿ ಇದೇ, ಇಲ್ಲಿ ಮಾತ್ರ ಒಂದು ದೊಡ್ಡ ತೋಡಿನಷ್ಟಿದೆ. ಅದರ ದಡದ ಗಿಡಗಳ ನಡುವೆ ಮೂಸ್ ಎಂಬ ದೈತ್ಯ ಜಿಂಕೆಯ ಹೆಣ್ಣೊಂದು ಮಂಡಿಯವರೆಗೆ ನೀರಿನಲ್ಲಿ ನಿಂತು ಚಿಗುರು ತಿನ್ನುತ್ತಿತ್ತು. ತಲೆ ಎತ್ತಿದಾಗ ಗದ್ದದಿಂದ ನೀರು ಎಳೆಯಾಗಿ ಇಳಿಯುತ್ತಿತ್ತು. ಬಹಳ ಹೊತ್ತು ನಮ್ಮ ಕಡೆ ನೋಡಿತು, ಕಿವಿ ಹಿಂದಕ್ಕೆ ಮಡಚಲಿಲ್ಲ. ಮಡಚಿದ್ದರೆ ಸಿಟ್ಟು ಬಂದಿದೆ ಎಂದರ್ಥ, ನಾವು ಕಾರಿನೊಳಗೆ ಇರುತ್ತಿದ್ದೆವು.

ಈ ಸಲ ಟಿಂಬರ್ ಕ್ರೀಕ್‌ನಲ್ಲಿ ಮೂರು ರಾತ್ರಿ ಕಾದಿರಿಸಿದ್ದೇನೆ, ನೆರಳಿಗೆ ಒಂದು ದೊಡ್ಡ ಟಾರ್ಪಾಲು ಕೊಂಡಿದ್ದೇನೆ. ಗ್ಲೇಸಿಯರ್ ಬೇಸಿನ್‌ನಲ್ಲಿ ವಾರದ ನಡುವಿನ ಒಂದು ರಾತ್ರಿ ಯಾರಾದರೂ ಬಿಟ್ಟುಕೊಡುತ್ತಾರೇನೋ ಎಂದು ದಿನವೂ ತಾಣ ತೆರೆದು ನೋಡುತ್ತಿದ್ದೇನೆ. ಕುಕ್ಕರನ್ನು ಈಗಲೇ ಕಾರಿನ ಡಿಕ್ಕಿಯಲ್ಲಿ ಇಟ್ಟಾಗಿದೆ.