ಆರ್ಕಿಯಾಲಜಿ ಎಂ.ಎ.ಯಲ್ಲಿ ಸಸ್ಯಾವಶೇಷದ ಪೇಪರ್ ತಗೋಬೇಕಾ?

ತಗೊಳ್ಳಿ. ಅಗೆದಾಗ ಸಿಗುವ ಹಳೇ ಕಾಳು, ಬೀಜ, ಇದ್ದಿಲು ನೋಡಿ ಅಂದಿನ ಬೆಳೆ, ಊಟ ತಿಳಿಯುವ ಪೇಪರ್ ಇದು. ನಮ್ಮ ಭಾಗದ ಒಂದು ಯೂನಿವರ್ಸಿಟಿಯಲ್ಲಿ ಇದನ್ನು ಆಯ್ಕೆ ವಿಷಯವಾಗಿ ಓದಿದೆ. ಇಡೀ ಎಂ.ಎ.ಯಲ್ಲಿ ನನಗೆ ಹೆಚ್ಚು ಕಲಿಸಿದ ಪೇಪರ್ ಇದೇ. ಶಾಸನ, ನಾಣ್ಯ, ದೇವಸ್ಥಾನ ಎಲ್ಲಾ ಓದಿದರೂ ಆ ಕಾಲದ ಜನ ಏನು ಉಣ್ಣುತ್ತಿದ್ದರು ಅನ್ನೋದು ಗೊತ್ತಾಗುವುದು ಇಲ್ಲಿ ಮಾತ್ರ.

ಮೊದಲು ಫ್ಲೋಟೇಶನ್ ಕಲಿಸುತ್ತಾರೆ. ಅಗೆದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕದಡಿದರೆ ಮಣ್ಣು ತಳಕ್ಕೆ ಹೋಗುತ್ತದೆ, ಸುಟ್ಟು ಕರಕಲಾದ ಕಾಳು, ಇದ್ದಿಲ ಚೂರು ಮೇಲೆ ತೇಲುತ್ತವೆ. ಅದನ್ನು ಸಣ್ಣ ಜಾಲರಿಯಲ್ಲಿ ಸೋಸಿ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತವೆ. ಸುಡದ ಕಾಳು ನಮ್ಮ ಮಣ್ಣಿನಲ್ಲಿ ಕೊಳೆತೇ ಹೋಗುತ್ತದೆ, ಹಾಗಾಗಿ ಅಂದಿನವರ ಒಲೆಯಲ್ಲಿ ಸೀದದ್ದೇ ಇಂದು ನಮಗೆ ಸಾಕ್ಷಿ.

ಆಮೇಲೆ ಮೈಕ್ರೋಸ್ಕೋಪ್. ಹೆಸರು, ಉದ್ದು ಎರಡೂ ಕರಕಲಾದ ಮೇಲೆ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬೇಳೆ ಬಿಚ್ಚಿಕೊಂಡಿದ್ದರೆ ಒಳಗೆ ಮೊಳಕೆಯ ಗುರುತು ಇರುತ್ತದೆ ನೋಡಿ, ಹೆಸರಿನಲ್ಲಿ ಅದು ಉದ್ದ, ಉದ್ದಿನಲ್ಲಿ ಗಿಡ್ಡ. ಸಿರಿಧಾನ್ಯ ಇನ್ನೂ ಕಷ್ಟ. ಸಿಪ್ಪೆ ಉಳಿದಿದ್ದರೆ ಸಾವೆಯದು ನುಣುಪು, ನವಣೆಯದರ ಮೇಲೆ ಸಣ್ಣ ಸಣ್ಣ ಉಬ್ಬು. ಹಳೆಯ ವರದಿಗಳಲ್ಲಿ ರಾಗಿ ಅಂತ ಬರೆದಿದ್ದ ಕೆಲವು ಕಾಳುಗಳನ್ನು ಮತ್ತೆ ಪರೀಕ್ಷಿಸಿದಾಗ ಬೇರೆ ಧಾನ್ಯ ಅಂತ ಗೊತ್ತಾಗಿದೆ. ಕ್ಲಾಸಿನಲ್ಲಿ ಅಷ್ಟೊಂದು ಹೊತ್ತು ಒಂದೇ ಕಾಳನ್ನು ತಿರುಗಿಸಿ ತಿರುಗಿಸಿ ನೋಡಿಸುವುದು ಸುಮ್ನೆ ಅಲ್ಲ.

ನನಗೆ ತುಂಬಾ ಹಿಡಿಸಿದ್ದು ಹಳ್ಳೂರಿನ ಪಾಠ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆ ಮೇಲಿರುವ ಈ ಊರಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದ್ದರು. ಮುಂದೆ ಸಸ್ಯಾವಶೇಷ ತಜ್ಞ ಡೋರಿಯನ್ ಫುಲ್ಲರ್, ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಹಳ್ಳೂರೂ ಸೇರಿ ದಕ್ಷಿಣದ ನವಶಿಲಾಯುಗದ (ಇಲ್ಲಿ ಬೇಸಾಯ ಶುರುವಾದ ಕಾಲದ) ನೆಲೆಗಳ ಕಾಳುಗಳನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಅಲ್ಲಿ ಮುಖ್ಯವಾಗಿ ಕಂಡದ್ದು ಕೊರಲೆ ಅನ್ನೋ ಸಿರಿಧಾನ್ಯ, ಜೊತೆಗೆ ನವಣೆಯ ಹತ್ತಿರದ ಸಂಬಂಧಿಯಾದ ಒಂದು ಹುಲ್ಲಿನ ಕಾಳು, ಹುರುಳಿ, ಹೆಸರು. ಜೋಳ ಇಲ್ಲ! ನಾವು ದಿನಾ ಬಡಿಯುವ ರೊಟ್ಟಿಯ ಜೋಳ ಆಫ್ರಿಕಾದಿಂದ ಆಮೇಲೆ ಬಂದದ್ದು, ಮೆಣಸಿನಕಾಯಿ ಅಂತೂ ಅಮೆರಿಕದ್ದು, ಪೋರ್ಚುಗೀಸರ ಕಾಲದಲ್ಲಿ ಬಂತು. ಬ್ಯಾಡಗಿ ಮಾರ್ಕೆಟ್ ನೋಡಿಕೊಂಡೇ ಬೆಳೆದವರಿಗೆ ಇದು ಎಷ್ಟು ದೊಡ್ಡ ಸುದ್ದಿ ಅಲ್ವಾ? ನಮ್ಮ ಅಜ್ಜಿಯ ಹುರುಳಿ ಕಟ್ಟಿನ ಸಾರು ಮಾತ್ರ ನಿಜವಾಗಿಯೂ ಈ ಮಣ್ಣಿನ ಹಳೇ ಕಾಳಿನದು.

ಕೊರತೆಗಳೂ ಇವೆ. ಮೈಕ್ರೋಸ್ಕೋಪ್ ಕಡಿಮೆ, ಸರದಿ ಬರುವಷ್ಟರಲ್ಲಿ ಪ್ರಾಕ್ಟಿಕಲ್ ಅವಧಿ ಮುಗಿದಿರುತ್ತದೆ. ನೋಟ್ಸ್ ಎಲ್ಲಾ ಇಂಗ್ಲಿಷ್‌ನಲ್ಲಿ, ಹಳ್ಳಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಬಂದವರು ಲ್ಯಾಟಿನ್ ಹೆಸರು ನೋಡಿಯೇ ಹೆದರುತ್ತಾರೆ. ಅದೇ ಹುಡುಗರಿಗೆ ಹೊಲದ ಕಳೆ, ಕಾಳು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರೇ ಈ ಪೇಪರ್ ಬಿಟ್ಟು ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ರತಿ ಗಿಡಕ್ಕೂ ಕನ್ನಡ ಹೆಸರು ಸೇರಿಸಿದ ಒಂದು ಪಟ್ಟಿ ಕೊಟ್ಟಿದ್ದರೂ ಸಾಕಿತ್ತು.

ಪರೀಕ್ಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚಿತ್ರ ಬಿಡಿಸಲು ಬಂದರೆ ಪಾಸಾಗುತ್ತೀರಿ.

ಸೇರುವವರು ಸುಗ್ಗಿಯಲ್ಲಿ ಊರಿಗೆ ಹೋದಾಗ ಕಾಳಿನ ಜೊತೆ ಕಳೆಗಳ ಬೀಜವನ್ನೂ ತೆನೆ ಸಮೇತ ತನ್ನಿ. ಹೆಸರು, ಊರು, ತಿಂಗಳು ಬರೆದ ಚೀಟಿ ಹಾಕಿ ಇಡಿ. ಅವನ್ನು ಫಾಯಿಲ್‌ನಲ್ಲಿ ಸುತ್ತಿ ಸುಟ್ಟು, ಅಗೆದದ್ದರ ಜೊತೆ ಹೋಲಿಸಲು ಬಳಸುತ್ತಾರೆ. ಕುಸುಬೆ, ಎಳ್ಳು ಜಾಸ್ತಿ ತನ್ನಿ, ಎಣ್ಣೆಕಾಳು ಬಿಸಿಗೆ ಬೇಗ ಒಡೆದು ಹಾಳಾಗುತ್ತವೆ. ಹಳೆಯ ನೆಲೆಯಲ್ಲಿ ಎಳ್ಳು ಸಿಗಲಿಲ್ಲ ಅಂದ ಮಾತ್ರಕ್ಕೆ ಬೆಳೆದಿರಲಿಲ್ಲ ಅಂತ ಬರೆಯಬಾರದು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನು ಕೇಳಿಯೇ ಕೇಳುತ್ತಾರೆ.